ನಾಲ್ಕು ತಿಂಗಳಲ್ಲಿ ಮೂರು ಸರ್ವೋ ಹೋಯ್ತು: ಸಣ್ಣ ಆರ್‌ಸಿ ಟ್ರಕ್ಕಿಗೆ ಬಾಳಿಕೆ ಬರುವ ಸ್ಟೀರಿಂಗ್ ಸರ್ವೋ ಯಾವುದು?

ಕೆಂಪುಮಣ್ಣು (ಕೋಲಾರ), ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಿಮ್ಮ ಸಲಹೆ ಬೇಕಾಗಿದೆ.

ನನ್ನ ಹತ್ತಿರ ರಿಮೋಟಿನಲ್ಲಿ ಓಡುವ (ಆರ್‌ಸಿ), 1:16 ಅಳತೆಯ, ಅಂದರೆ ನಿಜವಾದ ಗಾಡಿಯ ಹದಿನಾರನೇ ಒಂದು ಅಳತೆಯ ಫೋರ್ ವೀಲ್ ಡ್ರೈವ್ ಟ್ರಕ್ಕು ಇದೆ. ಲಾರಿಯ ಹಾಗೇ ಹಿಂದೆ ಮುಂದೆ ಪಟ್ಟಿ ಸ್ಪ್ರಿಂಗು, ಗಟ್ಟಿ ಆಕ್ಸಲ್. ವಾರಕ್ಕೆ ಎರಡು ಸಲ ಅಂತರಗಂಗೆ ಬೆಟ್ಟದ ಬುಡದಲ್ಲಿರುವ ಕಲ್ಲುಗಳ ಮೇಲೆ ಓಡಿಸುತ್ತೇನೆ. ವೇಗ ಕಡಿಮೆ. ಹತ್ತುವುದು, ಇಳಿಯುವುದೇ ಜಾಸ್ತಿ.

ನಾಲ್ಕು ತಿಂಗಳಲ್ಲಿ ಮೂರು ಸರ್ವೋ (ಮುಂದಿನ ಚಕ್ರಗಳನ್ನು ಎಡಬಲ ತಿರುಗಿಸುವ ಪುಟ್ಟ ಮೋಟಾರಿನ ಡಬ್ಬಿ) ಕೈಕೊಟ್ಟವು. ಮೊದಲನೆಯದು ಟ್ರಕ್ಕಿನ ಜೊತೆಯಲ್ಲೇ ಬಂದದ್ದು, ಪ್ಲಾಸ್ಟಿಕ್ ಗಿಯರು. ಎರಡು ಕಲ್ಲುಗಳ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡಿತ್ತು. ಬಲಕ್ಕೆ ತಿರುಗಿಸಿದೆ, ಕಟಕಟ ಅಂತ ಸದ್ದು ಬಂತು, ಅಲ್ಲಿಗೆ ಮುಗೀತು. ಎರಡನೆಯದು 9 ಗ್ರಾಂ ಸೈಜಿನ ಮೆಟಲ್ ಗಿಯರಿನದು. ಆರು ವಾರ ಚೆನ್ನಾಗಿತ್ತು. ಆಮೇಲೆ ಚಕ್ರ ನೇರ ನಿಲ್ಲದೆ ನಡುಗತೊಡಗಿತು, ಕೊನೆಗೆ ಹಲ್ಲು ಹಾರಲು ಶುರುವಾಯಿತು. ಮೂರನೆಯದು 17 ಗ್ರಾಂ, ತಿರುಗಿಸುವ ಬಲ 3 ಕೆಜಿ ಅಂತ ಬರೆದಿತ್ತು. ಅದು ಹತ್ತೇ ದಿನ. ಗಿಯರು ಒಂದೂ ಹೋಗಿಲ್ಲ, ಆದರೆ ಸುಟ್ಟ ವಾಸನೆ ಬಂದು ನಿಂತುಹೋಯಿತು.

ಬ್ಯಾಟರಿ 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್). ಮೂರನೆಯ ಸರ್ವೋ ಹಾಕುವಾಗ ಇಎಸ್‌ಸಿಯನ್ನೂ (ಗಾಡಿಯ ಮೋಟಾರಿನ ವೇಗ ನೋಡಿಕೊಳ್ಳುವ ಬೋರ್ಡು) ಹೊಸದು ಹಾಕಿದೆ. ಈಗ ಇನ್ನೂ ದೊಡ್ಡದು ತಗೊಳ್ಳಬೇಕಾ? ಯಾವುದು ಬಾಳಿಕೆ ಬರುತ್ತದೆ, ಹೇಳಿ.


ಗುಂಡಿಗೆರೆ (ತುಮಕೂರು), ಶನಿವಾರ ರಾತ್ರಿ 10:15

ಡಿಜಿಟಲ್, ಪೂರ್ತಿ ಮೆಟಲ್ ಗಿಯರ್, ಬೇರಿಂಗ್ ಇರುವುದು ತಗೊಳ್ಳಿ. ಸುಮ್ನೆ 200 ರೂಪಾಯಿಯದಕ್ಕೆ ಮೂರು ಸಲ ದುಡ್ಡು ಹಾಕುವುದಕ್ಕಿಂತ ಒಂದೇ ಸಲ ಒಳ್ಳೆಯದು ಹಾಕುವುದು ವಾಸಿ.


ಬೆಸುಗೆಕಡ್ಡಿ (ಬೆಂಗಳೂರು), ಶನಿವಾರ ರಾತ್ರಿ 10:50

ಕೆಂಪುಮಣ್ಣು ಅವರೇ, ನಾಲ್ಕನೆಯದನ್ನು ತಗೊಳ್ಳುವ ಮೊದಲು ದಯವಿಟ್ಟು ಸ್ವಲ್ಪ ತಡೆಯಿರಿ. ನಿಮ್ಮ ಮೂರು ಸರ್ವೋ ಮೂರು ಬೇರೆ ಬೇರೆ ಕಾರಣಕ್ಕೆ ಹೋಗಿವೆ ಅನ್ನಿಸುತ್ತಿದೆ.

ಒಂದು ಕೆಲಸ ಮಾಡಿ. ಹಳೆಯ ಸರ್ವೋ ಯಾವುದಾದರೂ ಸ್ವಲ್ಪ ಜೀವ ಹಿಡಿದಿದ್ದರೆ ಅದನ್ನೇ ಹಾಕಿ. ಟ್ರಕ್ಕನ್ನು ಒಂದು ಡಬ್ಬದ ಮೇಲೆ ಇಟ್ಟು ಚಕ್ರಗಳು ಗಾಳಿಯಲ್ಲಿರುವ ಹಾಗೆ ಮಾಡಿ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಹಿಡಿದುಕೊಳ್ಳಿ. ಕಿವಿ ಹತ್ತಿರ ತನ್ನಿ. ಗುಂಯ್ ಅಂತ ಸದ್ದು ಬರುತ್ತಿದೆಯಾ? ಬಲಕ್ಕೂ ಹಾಗೇ ಮಾಡಿ ನೋಡಿ.

ಇನ್ನೊಂದು, ಹೊಸ ಇಎಸ್‌ಸಿಯಿಂದ ರಿಸೀವರಿಗೆ (ರಿಮೋಟಿನ ಸಿಗ್ನಲ್ ಹಿಡಿದು ಸರ್ವೋಗೆ ಕೊಡುವ ಬೋರ್ಡು) ಎಷ್ಟು ವೋಲ್ಟ್ ಬರುತ್ತಿದೆ? ಮಲ್ಟಿಮೀಟರ್ ಇದ್ದರೆ ಕೆಂಪು ಮತ್ತು ಕಪ್ಪು ವೈರಿನ ಮಧ್ಯೆ ಅಳೆದು ಹೇಳಿ.


ಮಲ್ಪೆಮರಳು (ಉಡುಪಿ), ಭಾನುವಾರ ಬೆಳಿಗ್ಗೆ 7:05

ನಮ್ಮ ಕಡೆ ಕಥೆ ಬೇರೆ ಮಾರಾಯ್ರೆ. ಇಲ್ಲಿ ಹಲ್ಲು ಹೋಗುವ ಮೊದಲೇ ಉಪ್ಪು ಸರ್ವೋವನ್ನು ತಿಂದು ಹಾಕುತ್ತದೆ. ಕಡಲ ಬದಿಯಲ್ಲಿ ಅರ್ಧ ಗಂಟೆ ಓಡಿಸಿ ಮನೆಗೆ ತಂದು ಹಾಗೇ ಇಟ್ಟಿದ್ದೆ. ಮುಂದಿನ ಭಾನುವಾರ ತೆಗೆದಾಗ ಸರ್ವೋ ಅಲ್ಲಾಡಲೇ ಇಲ್ಲ. ಬಿಚ್ಚಿ ನೋಡಿದರೆ ಬೋರ್ಡಿನ ಮೇಲೆ ಹಸಿರು ಪುಡಿ, ವೈರು ಬೆಸೆದ ಜಾಗ ಕರಗಿ ಹೋದ ಹಾಗೆ ಆಗಿತ್ತು.

ವಾಟರ್‌ಪ್ರೂಫ್ ಅಂತ ಬರೆದಿದ್ದನ್ನು ನಂಬಿ ಸಮುದ್ರಕ್ಕೆ ಬಿಡಬೇಡಿ. ಐಪಿ67 ಅಂದರೆ ಧೂಳು ಒಳಗೆ ಹೋಗುವುದಿಲ್ಲ, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ. ಆ ಪರೀಕ್ಷೆ ಸಿಹಿನೀರಿನದ್ದು. ಉಪ್ಪುನೀರು ಶಾಫ್ಟಿನ ಸುತ್ತ ಒಣಗಿ ಕೂತರೆ ರಬ್ಬರ್ ರಿಂಗನ್ನು ಪ್ರತಿ ತಿರುವಿನಲ್ಲೂ ಉಜ್ಜುತ್ತದೆ. ಈಗ ನಾನು ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತೇನೆ, ಶಾಫ್ಟಿನ ಬುಡದಲ್ಲಿ ಒಂದು ಚೂರು ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ. ಮಳೆಗಾಲ ಕಳೆದರೂ ಇದು ಇನ್ನೂ ಓಡುತ್ತಿದೆ.


ಹಳೇಫಿಟ್ಟರ್ (ಭದ್ರಾವತಿ), ಭಾನುವಾರ ಮಧ್ಯಾಹ್ನ 12:30

ನಾನು 31 ವರ್ಷ ಫಿಟ್ಟರ್ ಕೆಲಸ ಮಾಡಿದವನು. ಈಗ ಮೊಮ್ಮಕ್ಕಳ ಟ್ರಕ್ಕು, ಅವರ ಗೆಳೆಯರ ಟ್ರಕ್ಕು ಎಲ್ಲಾ ನನ್ನ ಮೇಜಿನ ಮೇಲೆ ಬರುತ್ತವೆ. ಬಿಚ್ಚಿ ನೋಡಿದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಸರ್ವೋ ಒಳಗೆ ಇರುವುದು ನಾಲ್ಕೇ ವಸ್ತು. ಒಂದು ಸಣ್ಣ ಮೋಟಾರು, ಗಿಯರುಗಳ ಸಾಲು, ಶಾಫ್ಟ್ ಎಷ್ಟು ತಿರುಗಿದೆ ಎಂದು ಹೇಳುವ ಪೊಟೆನ್ಶಿಯೋಮೀಟರು, ಒಂದು ಬೋರ್ಡು. ರಿಸೀವರು ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪಲ್ಸ್ ಕಳಿಸುತ್ತದೆ. ಅದು 1.5 ಮಿಲಿಸೆಕೆಂಡ್ ಇದ್ದರೆ ನಡುವೆ, 1ರ ಕಡೆ ಹೋದರೆ ಒಂದು ಪಕ್ಕ, 2ರ ಕಡೆ ಹೋದರೆ ಇನ್ನೊಂದು ಪಕ್ಕ. ಹೇಳಿದ ಜಾಗಕ್ಕೆ ಶಾಫ್ಟ್ ಬಂದಿದೆ ಎಂದು ಪೊಟೆನ್ಶಿಯೋಮೀಟರ್ ಹೇಳುವ ತನಕ ಬೋರ್ಡು ಮೋಟಾರಿಗೆ ಕರೆಂಟು ಕೊಡುತ್ತಲೇ ಇರುತ್ತದೆ.

ನಮ್ಮ ಸಮಸ್ಯೆ ಹುಟ್ಟುವುದು ಇಲ್ಲೇ. ಚಕ್ರದ ನಕಲ್, ಅಂದರೆ ಆಕ್ಸಲ್ ತುದಿಯಲ್ಲಿ ಚಕ್ರವನ್ನು ಹಿಡಿದು ಎಡಬಲ ತಿರುಗುವ ತುಂಡು, ಹೋಗಿ ಆಕ್ಸಲಿಗೆ ತಾಗಿ ನಿಂತಿರುತ್ತದೆ. ಇನ್ನು ತಿರುಗಲು ಜಾಗವೇ ಇಲ್ಲ. ಆದರೆ ರಿಮೋಟು ಇನ್ನೂ 10 ಡಿಗ್ರಿ ತಿರುಗು ಅನ್ನುತ್ತಿದೆ. ಪಾಪ ಸರ್ವೋ ಗೋಡೆಯನ್ನು ತಳ್ಳುವ ಹಾಗೆ ತಳ್ಳುತ್ತಾ ನಿಲ್ಲುತ್ತದೆ. ಬೆಸುಗೆಕಡ್ಡಿ ಅವರು ಕೇಳಿದ ಗುಂಯ್ ಸದ್ದು ಅದೇ.

ತಿರುಗದೆ ನಿಂತ ಮೋಟಾರು ಅತಿ ಹೆಚ್ಚು ಕರೆಂಟು ಎಳೆಯುತ್ತದೆ, ಅಷ್ಟೂ ಶಾಖ ಆಗುತ್ತದೆ. 9 ಗ್ರಾಂ ಸೈಜಿನದು ಹೀಗೆ ನಿಂತಾಗ ಸುಮಾರು 0.7 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 6 ವೋಲ್ಟಿಗೆ ಲೆಕ್ಕ ಹಾಕಿದರೆ 4 ವ್ಯಾಟಿಗಿಂತ ಜಾಸ್ತಿ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಅದು, ಆ ಶಾಖ ಹೋಗುವುದಾದರೂ ಎಲ್ಲಿಗೆ?

ಈಗ ಹಲ್ಲಿನ ವಿಷಯ. ಹೋದ ವಾರ ಬಂದ ಒಂದು 9 ಗ್ರಾಂ ಮೆಟಲ್ ಗಿಯರ್ ಸರ್ವೋ ನೋಡಿ. ಕೆಳಗಿನಿಂದ ನಾಲ್ಕು ಉದ್ದ ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ತೆಗೆದೆ. ಹಿತ್ತಾಳೆಯ ಗಿಯರುಗಳು, ಒಂದು ಹಲ್ಲೂ ಮುರಿದಿಲ್ಲ. ಗ್ರೀಸ್ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಉಜ್ಜಿದರೆ ಹೊಳೆಯುವ ಪುಡಿ. ಹಾಗಾದರೆ ಹಲ್ಲು ಯಾಕೆ ಹಾರುತ್ತಿತ್ತು? ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಗಿಯರಿನ ಪಿನ್ನು ಕೂರುವ ತೂತು ದುಂಡಗೆ ಇರಲಿಲ್ಲ, ಅಕ್ಕಿಕಾಳಿನ ಆಕಾರಕ್ಕೆ ಬಂದಿತ್ತು. ಗಿಯರು ಲೋಹದ್ದು, ಗೂಡು ಪ್ಲಾಸ್ಟಿಕ್ಕಿನದು. ಭಾರ ಬಿದ್ದಾಗ ಪಿನ್ನು ಪಕ್ಕಕ್ಕೆ ವಾಲುತ್ತದೆ, ಎರಡು ಗಿಯರುಗಳ ನಡುವೆ ಸಂದಿ ಬಿಡುತ್ತದೆ, ಹಲ್ಲು ಹಲ್ಲಿನ ಮೇಲೆ ಹತ್ತಿ ಜಾರುತ್ತದೆ. ಕೆಂಪುಮಣ್ಣು ಅವರ ಎರಡನೆಯ ಸರ್ವೋಗೂ ಇದೇ ಆಗಿರಬಹುದು. ಬಿಚ್ಚಿ ನೋಡಪ್ಪ.

ಅದಕ್ಕೇ ಬರೀ ಮೆಟಲ್ ಗಿಯರ್ ಅನ್ನುವುದು ನೋಡಿ ತಗೊಂಡರೆ ಸಾಲದು. ಶಾಫ್ಟಿಗೆ ಬೇರಿಂಗ್ ಇದೆಯಾ, ಡಬ್ಬಿಯ ನಡುಭಾಗ ಅಲ್ಯೂಮಿನಿಯಂ ಆಗಿದೆಯಾ ನೋಡಿ. ನಡುಭಾಗ ಲೋಹದ್ದಾದರೆ ಶಾಖ ಹೊರಗೆ ಬರಲು ಒಂದು ದಾರಿ ಸಿಗುತ್ತದೆ.


ಗುಂಡಿಗೆರೆ (ತುಮಕೂರು), ಭಾನುವಾರ ಮಧ್ಯಾಹ್ನ 1:10

ಪಿನ್ನಿನ ತೂತಿನ ವಿಷಯ ನನಗೆ ಗೊತ್ತೇ ಇರಲಿಲ್ಲ ಸರ್. ನನ್ನ ಹಳೆಯ ಎರಡು ಸರ್ವೋ ಡಬ್ಬದಲ್ಲಿವೆ, ಇವತ್ತೇ ಬಿಚ್ಚುತ್ತೇನೆ.


ಎರೆಹೊಲ (ಹುಬ್ಬಳ್ಳಿ), ಭಾನುವಾರ ಸಂಜೆ 6:20

ನಮ್ಮ ಎರೆಮಣ್ಣಿನ ಅನುಭವವನ್ನೂ ಸೇರಿಸ್ತೀನ್ರೀ. ಮಳೆ ಬಿದ್ದ ಮರುದಿನ ಹೊಲದ ದಾರಿಯಲ್ಲಿ ಓಡಿಸಿದರೆ ಮಣ್ಣು ಟೈರಿಗೆ ಮೆತ್ತಿಕೊಂಡು ಚಕ್ರದ ತೂಕ ಎರಡು ಪಟ್ಟು ಆಗುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ಮಣ್ಣು ನಕಲ್ ಸಂದಿಯಲ್ಲಿ ಕೂತು ಒಣಗುವುದು. ಒಣಗಿದ ಮೇಲೆ ಕಲ್ಲು. ಚಕ್ರ ಅರ್ಧಕ್ಕೇ ನಿಂತುಬಿಡುತ್ತದೆ, ಸರ್ವೋ ತಳ್ಳುತ್ತಲೇ ಇರುತ್ತದೆ. ಹಿರಿಯರು ಹೇಳಿದ್ದು ಇದೇ ಅಲ್ವಾ? ನಾನು ಈಗ ಪ್ರತಿ ಸಲ ಲಿಂಕನ್ನು (ಚಕ್ರಕ್ಕೆ ಹೋಗುವ ಕಡ್ಡಿ) ಹಾರ್ನಿನಿಂದ (ಸರ್ವೋ ಶಾಫ್ಟಿನ ಮೇಲೆ ಕೂರುವ ಸಣ್ಣ ತೋಳು) ಬಿಡಿಸಿ ಕೈಯಲ್ಲಿ ಚಕ್ರ ತಿರುಗಿಸಿ ನೋಡುತ್ತೇನೆ. ಒಂದೇ ಬೆರಳಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಕೆಲಸ.


ಚಿಕ್ಕಬಂಡಿ (ಮೈಸೂರು), ಭಾನುವಾರ ರಾತ್ರಿ 8:45

ನನ್ನದು ಆಕ್ಸಿಯಲ್ ಎಸ್‌ಸಿಎಕ್ಸ್24, 1:24 ಅಳತೆ, ಅಂಗೈ ಮೇಲೆ ಕೂರುವಷ್ಟು. ಅದಕ್ಕೆ ಇಮ್ಯಾಕ್ಸ್ ಇಎಸ್08ಎಂಎ 2 ಸರ್ವೋ ಹಾಕಿದ್ದೇನೆ. 12 ಗ್ರಾಂ, 6 ವೋಲ್ಟಿಗೆ 2 ಕೆಜಿ. ಎರಡು ವರ್ಷ ಆಯಿತು, ತೊಂದರೆ ಇಲ್ಲ. ಮುಂದಿನ ಚಕ್ರಗಳಿಗೆ ಹಿತ್ತಾಳೆ ತೂಕ ಹಾಕಿದರೆ ಹತ್ತುವುದು ಚೆನ್ನಾಗಿ ಹತ್ತುತ್ತದೆ, ಆದರೆ ಆ ತೂಕವನ್ನು ತಿರುಗಿಸಬೇಕಾದದ್ದು ಸರ್ವೋನೇ. ನಾನು ಅರ್ಧ ತೂಕ ತೆಗೆದುಬಿಟ್ಟೆ.

ಒಂದು ಪ್ರಶ್ನೆ. ಸರ್ವೋ ಸೇವರ್ (ಏಟು ತಡೆಯುವ ಸ್ಪ್ರಿಂಗಿನ ತುಂಡು) ಹಾಕಿದರೆ ಒಳ್ಳೆಯದಲ್ವಾ?


ಬೆಸುಗೆಕಡ್ಡಿ (ಬೆಂಗಳೂರು), ಭಾನುವಾರ ರಾತ್ರಿ 9:30

ನೀವು ಓಡಿಸುವ ರೀತಿಯ ಮೇಲೆ ಹೋಗುತ್ತದೆ. ವೇಗವಾಗಿ ಓಡಿ, ಹಾರಿ, ಗೋಡೆಗೆ ಗುದ್ದುವ ಟ್ರಕ್ಕಿಗೆ ಸೇವರ್ ಬೇಕೇ ಬೇಕು. ಟ್ರಾಕ್ಸಾಸ್ ಸ್ಲ್ಯಾಷ್ ತರಹದ ಗಾಡಿಗಳ ಸ್ಟೀರಿಂಗಿನಲ್ಲೇ ಅದು ಸೇರಿರುತ್ತದೆ. ಚಕ್ರಕ್ಕೆ ಏಟು ಬಿದ್ದಾಗ ಆ ಸ್ಪ್ರಿಂಗು ಬಾಗಿ ಏಟನ್ನು ತಾನೇ ನುಂಗಿಕೊಳ್ಳುತ್ತದೆ, ಗಿಯರಿನ ತನಕ ಬಿಡುವುದಿಲ್ಲ.

ಬಂಡೆ ಹತ್ತುವ ಟ್ರಕ್ಕಿನಲ್ಲಿ ಏಟು ಕಡಿಮೆ, ಒತ್ತಡ ಜಾಸ್ತಿ. ಅಲ್ಲಿ ಸೇವರ್ ಹಾಕಿದರೆ ಚಕ್ರ ಕಲ್ಲಿಗೆ ತಾಗಿದಾಗ ಸ್ಪ್ರಿಂಗೇ ಬಾಗುತ್ತದೆ, ಚಕ್ರ ತಿರುಗುವುದಿಲ್ಲ. ಅಂಥ ಟ್ರಕ್ಕಿಗೆ ನಾನು ಲೋಹದ ಹಾರ್ನ್ ಬದಲು ಗಟ್ಟಿ ಪ್ಲಾಸ್ಟಿಕ್ ಹಾರ್ನ್ ಹಾಕುತ್ತೇನೆ. ಮನೆಯ ಫ್ಯೂಸಿನ ಹಾಗೆ ಅದು ಮೊದಲು ಹೋಗಲಿ, ಸರ್ವೋ ಉಳಿಯಲಿ.

ಹಾರ್ನ್ ತಗೊಳ್ಳುವಾಗ ಶಾಫ್ಟಿನ ಹಲ್ಲು ಎಣಿಸಿ. ದೊಡ್ಡ ಸರ್ವೋಗಳಲ್ಲಿ ಫುಟಾಬಾ ಕಂಪನಿಯ ಶಾಫ್ಟಿಗೆ 25, ಹೈಟೆಕ್‌ಗೆ 24, ಜೆಆರ್‌ಗೆ 23. ಸಣ್ಣವುಗಳಲ್ಲಿ ಇನ್ನೂ ಬೇರೆ. ಹೊಂದದ್ದನ್ನು ಬಲವಂತವಾಗಿ ಒತ್ತಿ ಕೂರಿಸಿದರೆ ಎರಡು ದಿನಕ್ಕೆ ಜಾರುತ್ತದೆ, ಸರ್ವೋ ಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ.


ಮಗನಟ್ರಕ್ಕು (ದಾವಣಗೆರೆ), ಸೋಮವಾರ ಬೆಳಿಗ್ಗೆ 11:00

ನಮಸ್ತೆ. ನನ್ನ ಮಗನಿಗೆ 10 ವರ್ಷ. ಅವನ 1:18 ಟ್ರಕ್ಕಿನ ಸರ್ವೋ ಕಟಕಟ ಅನ್ನುತ್ತಿದೆ. ಆನ್‌ಲೈನಿನಲ್ಲಿ ಹೊಸದು ತರಿಸಿದೆ. ಅದರಲ್ಲಿ ಮೂರು ವೈರು ಇದೆ, ಗಾಡಿಯಲ್ಲಿದ್ದ ಹಳೆಯದಕ್ಕೆ ಐದು ವೈರು. ಹೇಗೆ ಸೇರಿಸುವುದು ಅಂತ ಯಾರಾದರೂ ಹೇಳುತ್ತೀರಾ? ಅವನು ಎರಡು ದಿನದಿಂದ ಟ್ರಕ್ಕನ್ನು ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಾನೆ.


ಬೆಸುಗೆಕಡ್ಡಿ (ಬೆಂಗಳೂರು), ಸೋಮವಾರ ಬೆಳಿಗ್ಗೆ 11:40

ಅಕ್ಕಾ, ಅವೆರಡನ್ನೂ ಜೋಡಿಸಬೇಡಿ, ಬೋರ್ಡು ಹೋಗಬಹುದು. ಐದು ವೈರಿನ ಸರ್ವೋ ಒಳಗೆ ಬೋರ್ಡೇ ಇರುವುದಿಲ್ಲ. ಎರಡು ವೈರು ನೇರ ಮೋಟಾರಿಗೆ, ಮೂರು ಪೊಟೆನ್ಶಿಯೋಮೀಟರಿಗೆ. ಲೆಕ್ಕಾಚಾರ ಎಲ್ಲ ಗಾಡಿಯ ದೊಡ್ಡ ಬೋರ್ಡಿನಲ್ಲಿ ನಡೆಯುತ್ತದೆ. ಮೂರು ವೈರಿನದನ್ನು ಹಾಕಬೇಕಾದರೆ ರಿಸೀವರು, ಇಎಸ್‌ಸಿ, ರಿಮೋಟು ಮೂರನ್ನೂ ಬದಲಾಯಿಸಬೇಕು.

ಕಡಿಮೆ ಖರ್ಚಿನ ದಾರಿ ಅಂದರೆ ಅದೇ ಗಾಡಿಯ ಐದು ವೈರಿನ ಸರ್ವೋನೇ ಹುಡುಕುವುದು, ಇಲ್ಲವೇ ಗಿಯರ್ ಸೆಟ್ ಮಾತ್ರ ಬದಲಾಯಿಸುವುದು. ನಿಮಗೆ ಬೆಂಗಳೂರಿಗೆ ಬರುವವರು ಯಾರಾದರೂ ಇದ್ದರೆ ಹಳೆಯ ಗಿಯರನ್ನೇ ಕೈಯಲ್ಲಿ ಕೊಟ್ಟು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಕಳಿಸಿ. ಫೋಟೋ ನೋಡಿ ತಂದರೆ ಅಳತೆ ತಪ್ಪುತ್ತದೆ, ಪಕ್ಕದಲ್ಲಿಟ್ಟು ಹೋಲಿಸಿಯೇ ತರಬೇಕು.


ಹಳೇಫಿಟ್ಟರ್ (ಭದ್ರಾವತಿ), ಸೋಮವಾರ ಮಧ್ಯಾಹ್ನ 3:15

ತಾಯಿ, ದಾವಣಗೆರೆಯಿಂದ ಭದ್ರಾವತಿ ದೂರ ಏನಿಲ್ಲ. ಯಾರಾದರೂ ಈ ಕಡೆ ಬರುವವರಿದ್ದರೆ ಸರ್ವೋ ಕೊಟ್ಟು ಕಳಿಸಿ, ನೋಡಿಕೊಡುತ್ತೇನೆ. ನನ್ನ ಡಬ್ಬದಲ್ಲಿ ಬಿಡಿ ಗಿಯರುಗಳು ತುಂಬಾ ಇವೆ.

ಎಲ್ಲರಿಗೂ ಒಂದು ಮಾತು. ಸರ್ವೋ ಬಿಚ್ಚಿದವರು ಹೊಲಿಗೆ ಮೆಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಬಿಟ್ಟು ಮುಚ್ಚುತ್ತಾರೆ. ದಯವಿಟ್ಟು ಬೇಡ. ತೆಳು ಎಣ್ಣೆ ಇಳಿದು ಪೊಟೆನ್ಶಿಯೋಮೀಟರಿನ ಒಳಗೆ ಸೇರುತ್ತದೆ, ಆಮೇಲೆ ಚಕ್ರ ನಡುಗುವ ಕಾಯಿಲೆ ಶುರು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಇದ್ದ ಗ್ರೀಸೂ ತೊಳೆದು ಹೋಗುತ್ತದೆ. ಪ್ಲಾಸ್ಟಿಕ್ ಗಿಯರಿಗೆ ಸಿಲಿಕೋನ್ ಗ್ರೀಸು, ಲೋಹಕ್ಕೆ ಲಿಥಿಯಂ ಗ್ರೀಸು. ಊದುಬತ್ತಿಯ ಕಡ್ಡಿಯ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟು ಸಾಕು.


ಕೆಂಪುಮಣ್ಣು (ಕೋಲಾರ), ಮಂಗಳವಾರ ರಾತ್ರಿ 9:05

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ್ದೆಲ್ಲ ಮಾಡಿ ನೋಡಿದೆ.

ಎರಡನೆಯ ಸರ್ವೋ ಬಿಚ್ಚಿದೆ. ಹಳೇಫಿಟ್ಟರ್ ಸರ್ ಹೇಳಿದ ಹಾಗೇ ತೂತು ಉದ್ದ ಆಗಿದೆ. ಸೂಜಿ ಹಾಕಿ ಅಲ್ಲಾಡಿಸಿದರೆ ಒಂದು ಕಡೆಗೆ ಮಾತ್ರ ಆಡುತ್ತದೆ. ಅದನ್ನೇ ಮತ್ತೆ ಮುಚ್ಚಿ ಗಾಡಿಗೆ ಹಾಕಿ ಸದ್ದು ಕೇಳಿದೆ. ಬಲಕ್ಕೆ ಪೂರ್ತಿ ತಿರುಗಿಸಿದಾಗ ಗುಂಯ್ ಅಂತ ಜೋರಾಗಿ ಬರುತ್ತದೆ, ಎಡಕ್ಕೆ ಇಲ್ಲ. ಬಲಗಡೆ ನಕಲ್ ಆಕ್ಸಲಿಗೆ ತಾಗುತ್ತಿದೆ, ಹಾರ್ನು ಇನ್ನೂ ತಳ್ಳುತ್ತಿದೆ.

ವೋಲ್ಟೇಜ್ ಅಳೆದೆ. 7.4 ತೋರಿಸಿತು! ಹೊಸ ಇಎಸ್‌ಸಿಯಲ್ಲಿ ಒಂದು ಸಣ್ಣ ಜಂಪರ್ (ವೋಲ್ಟೇಜ್ ಆರಿಸುವ ಪುಟ್ಟ ಕ್ಲಿಪ್ಪು) ಇದೆ, 6 ಮತ್ತು 7.4 ಅಂತ. ಅದು 7.4ರಲ್ಲಿ ಇತ್ತು. ಸುಟ್ಟುಹೋದ ಸರ್ವೋ ಮೇಲೆ 4.8 ರಿಂದ 6 ಅಂತ ಬರೆದಿದೆ. ನಾನು ನೋಡಿರಲೇ ಇಲ್ಲ.


ಬೆಸುಗೆಕಡ್ಡಿ (ಬೆಂಗಳೂರು), ಮಂಗಳವಾರ ರಾತ್ರಿ 9:50

ಹತ್ತು ದಿನದಲ್ಲಿ ಸುಟ್ಟದ್ದು ಅದಕ್ಕೇ. ನಿಂತ ಮೋಟಾರಿಗೆ ವೋಲ್ಟೇಜ್ ಹೆಚ್ಚಾದರೆ ಕರೆಂಟೂ ಹೆಚ್ಚುತ್ತದೆ. 6ರ ಬದಲು 7.4 ಕೊಟ್ಟರೆ ಶಾಖ ಒಂದೂವರೆ ಪಟ್ಟು. ಜೊತೆಗೆ ಬಲಕ್ಕೆ ತಿರುಗಿದಾಗಲೆಲ್ಲ ಗೋಡೆಗೆ ತಳ್ಳಿ ನಿಲ್ಲಿಸುತ್ತಿದ್ದಿರಿ.

ಈಗ ಜಂಪರನ್ನು 6ಕ್ಕೆ ಹಾಕಿ, ಮತ್ತೆ ಅಳೆಯಿರಿ. ಹೊಸ ಸರ್ವೋ ಬಂದಾಗ ಹಾರ್ನ್ ಹಾಕದೆ ಮೊದಲು ರಿಮೋಟಿನ ಟ್ರಿಮ್ (ಚಕ್ರದ ನಡು ಸರಿಮಾಡುವ ಗುಂಡಿ) ಸೊನ್ನೆಗೆ ತಂದು, ರಿಮೋಟು ಮತ್ತು ಗಾಡಿ ಎರಡೂ ಆನ್ ಮಾಡಿ. ಶಾಫ್ಟ್ ತಾನೇ ನಡುವಿಗೆ ಬರುತ್ತದೆ. ಆಗ ಹಾರ್ನನ್ನು ಲಿಂಕಿಗೆ 90 ಡಿಗ್ರಿ ಅಡ್ಡ ಬರುವಂತೆ ಕೂರಿಸಿ, ಚಕ್ರ ನೇರ ಆಗುವ ತನಕ ಲಿಂಕಿನ ಉದ್ದ ಸರಿಮಾಡಿ. ಒಂದೇ ಕಡೆ ಸದ್ದು ಬರುತ್ತಿದೆ ಅಂದರೆ ಹಾರ್ನು ಓರೆ ಕೂತಿದ್ದಿರಬಹುದು. ಆಮೇಲೆ ಪೂರ್ತಿ ತಿರುಗಿಸಿ, ರಿಮೋಟಿನ ಎಂಡ್ ಪಾಯಿಂಟ್ (ಒಂದೊಂದು ಕಡೆಗೆ ಎಷ್ಟು ತಿರುಗಬೇಕು ಅನ್ನುವ ಮಿತಿ) ಅನ್ನು ಸದ್ದು ನಿಲ್ಲುವ ತನಕ ಕಡಿಮೆ ಮಾಡುತ್ತಾ ಬನ್ನಿ. ನಿಮ್ಮ ರಿಮೋಟಿನಲ್ಲಿ ಎಂಡ್ ಪಾಯಿಂಟ್ ಇದೆಯಾ?


ಕೆಂಪುಮಣ್ಣು (ಕೋಲಾರ), ಮಂಗಳವಾರ ರಾತ್ರಿ 10:00

ಇಲ್ಲ ಅಣ್ಣ. ಬರೀ ಡ್ಯುಯಲ್ ರೇಟ್ ಗುಂಡಿ ಇದೆ.


ಹಳೇಫಿಟ್ಟರ್ (ಭದ್ರಾವತಿ), ಬುಧವಾರ ಬೆಳಿಗ್ಗೆ 6:30

ಅದೇ ಸಾಕಪ್ಪ. ಡ್ಯುಯಲ್ ರೇಟ್ ಎರಡೂ ಕಡೆ ಒಂದೇ ಸಮ ಕಡಿಮೆ ಮಾಡುತ್ತದೆ, ಅದಕ್ಕೆ ಹಾರ್ನ್ ಸರಿಯಾಗಿ ನಡುವೆ ಕೂತಿರಬೇಕು. ಜೊತೆಗೆ ಲಿಂಕನ್ನು ಹಾರ್ನಿನ ಒಳಗಿನ ತೂತಿಗೆ ಬದಲಾಯಿಸಿ ನೋಡು. 2 ಕೆಜಿ ಅಂದರೆ ಶಾಫ್ಟಿನಿಂದ 1 ಸೆಂ.ಮೀ. ದೂರದಲ್ಲಿ 2 ಕೆಜಿ ಬಲ. 1.5 ಸೆಂ.ಮೀ. ದೂರದ ತೂತಿಗೆ ಹಾಕಿದರೆ 1.3 ಕೆಜಿ ಮಾತ್ರ ಉಳಿಯುತ್ತದೆ. ಒಳಗೆ ತಂದಷ್ಟೂ ಬಲ ಹೆಚ್ಚು, ಓಟ ಕಡಿಮೆ. ನಿನಗೆ ಎರಡೂ ಬೇಕಾದದ್ದೇ. ಇನ್ನೊಂದು, ಆ 2 ಕೆಜಿ ಅನ್ನುವುದು ಸರ್ವೋ ನಿಂತೇ ಹೋಗುವ ಭಾರ. ಅದರ ಮೂರನೇ ಒಂದು ಭಾಗದಲ್ಲಿ ದುಡಿಸಿದರೆ ಬಾಳುತ್ತದೆ ಅಂತ ನನ್ನ ಅಂದಾಜು.

ಸದ್ದು ಪರೀಕ್ಷೆ ಮಾಡುವಾಗ ಟ್ರಕ್ಕನ್ನು ಸಮ ನೆಲದಲ್ಲಿ ಮಾತ್ರ ನೋಡಬೇಡ. ಒಂದು ಮುಂಚಕ್ರದ ಕೆಳಗೆ ಪುಸ್ತಕ ಇಟ್ಟು ಆಕ್ಸಲ್ ಓರೆ ಮಾಡಿ ನೋಡು. ಸರ್ವೋ ಚಾಸಿಯ ಮೇಲಿದ್ದರೆ, ಆಕ್ಸಲ್ ವಾಲಿದಾಗ ಲಿಂಕಿನ ಕೋನ ಬದಲಾಗಿ ಬೇರೆ ಕಡೆ ತಾಗಬಹುದು.


ಕೆಂಪುಮಣ್ಣು (ಕೋಲಾರ), ಐದು ವಾರಗಳ ನಂತರ

ಬಂದು ಹೇಳಬೇಕು ಅಂತ ಇದ್ದೆ. ಹೋದ ಸಲದಂಥದ್ದೇ 17 ಗ್ರಾಂ ಸರ್ವೋ ತಗೊಂಡೆ, ದೊಡ್ಡದಲ್ಲ. ಜಂಪರ್ 6ರಲ್ಲಿ ಇದೆ, ಮೀಟರ್ 6.0 ತೋರಿಸುತ್ತದೆ. ಹಾರ್ನಿನ ಎರಡನೇ ತೂತಿಗೆ ಲಿಂಕ್ ಹಾಕಿದೆ. ಪುಸ್ತಕ ಇಟ್ಟು ನೋಡಿದಾಗ ಎಡಗಡೆಯೂ ಸ್ವಲ್ಪ ತಾಗುತ್ತಿತ್ತು, ಡ್ಯುಯಲ್ ರೇಟ್ ಇನ್ನೊಂದಿಷ್ಟು ಇಳಿಸಿದೆ. ತಿರುವು ಕಣ್ಣಿಗೆ ಕಾಣುವಷ್ಟು ಕಡಿಮೆ ಆಗಿಲ್ಲ.

ಹತ್ತು ಸಲ ಬೆಟ್ಟದ ಹತ್ತಿರ ಹೋಗಿದ್ದೇನೆ. ಅರ್ಧ ಗಂಟೆ ಓಡಿಸಿದ ಮೇಲೆ ಸರ್ವೋ ಮೇಲೆ ಬೆರಳಿಟ್ಟರೆ ಬೆಚ್ಚಗೆ ಇರುತ್ತದೆ, ಅಷ್ಟೇ. ಮೊದಲಿನದು ಬೆರಳು ಇಡಲಾಗದಷ್ಟು ಸುಡುತ್ತಿತ್ತು. ಹೋದ ಭಾನುವಾರ ಎದೆಯೆತ್ತರದ ಕಲ್ಲಿನಿಂದ ಟ್ರಕ್ಕು ಬಿತ್ತು, ಮುಂದಿನ ಬಲ ಚಕ್ರದ ಮೇಲೇ. ನನ್ನ ಎದೆ ಧಸಕ್ ಅಂತು. ನೋಡಿದರೆ ಪ್ಲಾಸ್ಟಿಕ್ ಹಾರ್ನ್ ಎರಡು ತುಂಡಾಗಿತ್ತು, ಸರ್ವೋಗೆ ಏನೂ ಆಗಿರಲಿಲ್ಲ. ಜೇಬಿನಲ್ಲಿ ಇನ್ನೊಂದು ಇತ್ತು. ಬಂಡೆ ಮೇಲೆ ಕೂತು ಹತ್ತು ನಿಮಿಷದಲ್ಲಿ ಹಾಕಿ ಮತ್ತೆ ಹತ್ತಿಸಿದೆ.


ಮಗನಟ್ರಕ್ಕು (ದಾವಣಗೆರೆ), ಅದೇ ದಿನ ರಾತ್ರಿ 8:10

ನಮ್ಮದೂ ಸರಿಯಾಯಿತು. ಭದ್ರಾವತಿ ಸರ್ ಎರಡು ಗಿಯರು ಹಾಕಿಕೊಟ್ಟರು, ದುಡ್ಡು ಬೇಡ ಅಂದರು. ಮಗ ಈಗ ಓಡಿಸುವ ಮೊದಲು ಟ್ರಕ್ಕನ್ನು ಎತ್ತಿ ಕಿವಿಗೆ ಹಿಡಿದು, ಎಡ ಬಲ ತಿರುಗಿಸಿ ಸದ್ದು ಕೇಳಿಯೇ ಕೆಳಗೆ ಬಿಡುತ್ತಾನೆ.